ದೇವರ ಗೂಡಿನ ಮಣಿಸರ

ತೆರಕಣಾಂಬಿಯ ಹೆರಿಗೆ ಮನೆಯಲ್ಲಿ ಆಗ ನಾನು ನರ್ಸಮ್ಮ. ಎರಡು ಮಂಚ, ನೀರು ಕಾಯಿಸಲು ಒಂದು ಹಂಡೆ, ಒಬ್ಬಳು ಆಯಾ, ನಾನು. ಅಷ್ಟೇ ಆಸ್ಪತ್ರೆ. ಐವತ್ತರ ದಶಕದ ನಡುವೆ ಮೈಸೂರಿನಿಂದ ಒಂದು ಗಂಟು ಮಣಿಸರ ಬಂತು, ಬಸಿರಾಗದಂತೆ ದಿನ ಎಣಿಸುವುದಕ್ಕೆ. ಮುಟ್ಟಾದ ದಿನವೇ ಮೊದಲ ಮಣಿ, ಆಮೇಲೆ ದಿನಕ್ಕೊಂದು ಸರಿಸಬೇಕು. ಹಸಿರು ಮಣಿ ಬಂದ ದಿನ ಗಂಡನ ಜೊತೆ ಮಲಗಬಹುದು, ಕೆಂಪು ಮಣಿಯ ದಿನ ಕೂಡದು. ಅದರಲ್ಲಿ ನನಗೆ ನಂಬಿಕೆ ಅಷ್ಟಕ್ಕಷ್ಟೆ. ಆದರೆ ಕೊಡಲು ಬೇರೇನಿತ್ತು?

ಒಂದು ಒಕ್ಕಲು ಮನೆಯ ಹಿರಿಸೊಸೆ ಅತ್ತೆಯ ಜೊತೆ ಬಂದಳು. ನಾಲ್ಕನೆಯ ಹೆರಿಗೆಯಲ್ಲಿ ರಕ್ತ ಹೋಗಿ ಸತ್ತು ಬದುಕಿದ್ದವಳು. ಇನ್ನೊಂದು ಹೆತ್ತರೆ ಉಳಿಯುವುದಿಲ್ಲ ಎಂದು ಗುಂಡ್ಲುಪೇಟೆಯ ಡಾಕ್ಟರು ಅತ್ತೆಯ ಎದುರಿಗೇ ಹೇಳಿದ್ದರು. ಆಪರೇಷನ್ ಎಂದ ಕೂಡಲೇ ಗಂಡ ಎದ್ದು ಹೊರಗೆ ಹೋಗಿದ್ದನಂತೆ. ನಾನು ಸರ ಕೊಟ್ಟು ಮೂರು ಸಲ ಎಣಿಸಿ ತೋರಿಸಿದೆ. ಮಕ್ಕಳು ಎಳೆದು ಕಿತ್ತಾರೆಂದು, "ದೇವರ ಜಪಸರದ ಹಾಗೆ ಜೋಪಾನ ಮಾಡು" ಎಂದೂ ಹೇಳಿದೆ. ಈ ಮಾತು ನನ್ನದೇ.

ನಾಲ್ಕು ತಿಂಗಳ ಮೇಲೆ ಅವಳು ಬಂದು ಮಂಚದ ತುದಿಯಲ್ಲಿ ಕೂತಳು. ಮತ್ತೆ ಬಸಿರೆಂದು ಮುಖ ನೋಡಿದರೇ ತಿಳಿಯುತ್ತಿತ್ತು. ನನಗೆ ಮೈಯೆಲ್ಲ ಉರಿದು ಹೋಯಿತು.

"ಎಣಿಸಲಿಲ್ಲ ಅಲ್ಲವಾ?" ಎಂದು ಗದರಿದೆ.

"ಒಂದಿನಾನೂ ತಪ್ಪಿಸ್ನಿಲ್ಲ ಕಣಮ್ಮ. ಐದ್ನೇ ದಿನ ನೀರು ಉಯ್ಕಂಡು ಸುರು ಮಾಡ್ತಿದ್ದೆ."

"ಐದನೇ ದಿನ ಯಾಕೆ? ಮುಟ್ಟಾದ ದಿನವೇ ಅಂತ ಹೇಳಿರಲಿಲ್ಲವಾ?"

"ನೀವು ಏಳ್ದಂಗೇ ದೇವ್ರ ಗೂಡ್ನಲ್ಲಿ ಮಡ್ಗಿದ್ದೆ. ಒರಗೆ ಕೂತಿರೋಳು ದೇವ್ರ ಗೂಡ್ಗೆ ಕೈ ಆಕಕ್ಕಾಯ್ತದಾ?"

ನಾಲ್ಕು ದಿನ ಹಿಂದೆ ಬಿದ್ದಿದ್ದ ಲೆಕ್ಕದಲ್ಲಿ, ಕೆಂಪು ಬರಬೇಕಾದ ದಿನಗಳಿಗೆ ಅವಳ ಕೈಗೆ ಹಸಿರು ಬಂದಿತ್ತು. ಅವಳು ಶ್ರದ್ಧೆಯಿಂದ ಎಣಿಸಿದ್ದೇ ಅವಳಿಗೆ ಮುಳುವಾಯಿತು. ನಾನೇನು ವಿಲಾಯಿತಿಯಿಂದ ಬಂದವಳೇ? ಹದಿಮೂರನೇ ವಯಸ್ಸಿನಿಂದ ತಿಂಗಳು ತಿಂಗಳೂ ಜಗಲಿಯ ಮೂಲೆಯಲ್ಲಿ ಕೂತವಳು. ಊರಿಗೆಲ್ಲ ಬುದ್ಧಿ ಹೇಳುವ ನನಗೆ, ಸರ ಎಲ್ಲಿಡುತ್ತೀ ಎಂಬ ಒಂದು ಮಾತು ಕೇಳಲು ತೋಚಲಿಲ್ಲ. ಆ ನಾಚಿಕೆ ಇನ್ನೂ ಹೋಗಿಲ್ಲ.

ಉಳಿದ ತಿಂಗಳುಗಳೆಲ್ಲ ಅವಳು ನನಗೇ ಸಮಾಧಾನ ಹೇಳುತ್ತಿದ್ದಳು. "ಆಗಿದ್ದಾಯ್ತು ಬುಡಿ ನರ್ಸಮ್ಮ" ಎನ್ನುವಳು. ಹೆರಿಗೆ ಬೆಳಿಗ್ಗೆ ಆಯಿತು, ಹೆಣ್ಣು ಮಗು. ರಕ್ತ ನಿಲ್ಲಲಿಲ್ಲ. ಗುಂಡ್ಲುಪೇಟೆಯ ಬಸ್ಸು ಬರುವಷ್ಟರಲ್ಲಿ ಅವಳು ಹೋಗಿದ್ದಳು.

ತಿಥಿ ಮುಗಿದ ಮೇಲೆ ಅತ್ತೆ ಬಂದಳು. ಸೆರಗಿನ ಗಂಟಿನಿಂದ ಮಣಿಸರ ತೆಗೆದಳು. ಮಣಿಗಳಿಗೆಲ್ಲ ಕುಂಕುಮ ಮೆತ್ತಿತ್ತು. "ಸೂತ್ಕ ಕಳೀಲಿ ಅಂತ ಮುಟ್ಟಿರ್ನಿಲ್ಲ ಕಣವ್ವ" ಎಂದಳು. ವಾಪಸು ಕೊಡಲು ಬಂದಿದ್ದಾಳೆಂದು ಕೈ ಚಾಚಿದೆ. ಅವಳು ಕೊಡಲಿಲ್ಲ. ಹಿಂದೆ ನಿಂತಿದ್ದ ಕಿರಿಸೊಸೆಯನ್ನು ಮುಂದಕ್ಕೆ ಕರೆದು, "ಇವ್ಳಿಗೂ ಮೂರಾಯ್ತು. ಎಣ್ಸಾದ್ ಏಳ್ಕೊಡು" ಎಂದಳು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವವಳಂತೆ ನಾನು ಮೊದಲು ಅದನ್ನೇ ಕೇಳಿದೆ: "ಸರ ಎಲ್ಲಿಡುತ್ತೀಯಮ್ಮ?"

ಆ ಹುಡುಗಿ ಅತ್ತೆಯ ಮುಖ ನೋಡಿದಳು.

"ಇನ್ನೆಲ್ಲಿ ಮಡಗ್ತಳೆ?" ಎಂದಳು ಅತ್ತೆ. "ದೇವ್ರ ಗೂಡ್ನಲ್ಲೇಯ."