ನಲ್ಲಿ ಬಿಟ್ಟು ಆಡಿದ ಮಾತು

ಮೊನ್ನೆ ಇಲ್ಲಿ ಅಮೆರಿಕದಲ್ಲಿ, ಕ್ಯಾಂಟನ್ನಿನ ಇಂಡಿಯನ್ ಸ್ಟೋರಿನಲ್ಲಿ ಸಬ್ಬಸಿಗೆ ಸೊಪ್ಪಿನ ಕಟ್ಟು ಎತ್ತಿಕೊಂಡೆ. ಆ ವಾಸನೆಗೆ ಪಕ್ಕದ ಮನೆಯ ಆಂಟಿ ನೆನಪಾದರು...

ರೊಮೇನಿಯಾದವರು. ನಾವು ಅಕ್ಕಿರೊಟ್ಟಿಗೆ ಹಾಕುವ ಸೊಪ್ಪನ್ನು ಅವರು ಸೌತೆಕಾಯಿ ಉಪ್ಪಿನಕಾಯಿಗೆ ಹಾಕುತ್ತಿದ್ದರು. ಸ್ನೇಹ ಅಲ್ಲಿಂದ ಶುರು. ರಿಸೆಷನ್ ಕಾಲ. ನನ್ನನ್ನು ಪ್ಲಿಮತ್‌ನ ಆಫೀಸಿನಿಂದ ತೆಗೆದಿದ್ದರು, ಅವರನ್ನು ಕಾರಿನ ಸೀಟು ಹೊಲಿಯುವ ಕಾರ್ಖಾನೆಯಿಂದ. ಹಗಲೆಲ್ಲ ಮನೆಯಲ್ಲಿ ಕೂತವರಿಗೆ ಮಾತಿಗೇನು ಬರ? ಅವರ ಮುರುಕು ಇಂಗ್ಲಿಷು ನನ್ನ ನೆನಪಿನಲ್ಲಿ ಈಗ ಕನ್ನಡವೇ ಆಗಿಬಿಟ್ಟಿದೆ.

ಗಂಡನ ವಿಷಯ ತೆಗೆಯುವ ಮುನ್ನ ಆಂಟಿ ಅಡುಗೆಮನೆಯ ನಲ್ಲಿಯನ್ನು ಪೂರ್ತಿ ಬಿಡುತ್ತಿದ್ದರು. ದಿನ ಬಿಟ್ಟು ದಿನ ಬರುವ ನೀರಿಗೆ ಕೊಡ ಇಟ್ಟುಕೊಂಡು ಕಾದ ಬೆಂಗಳೂರಿನವಳು ನಾನು. ಸುಮ್ಮನೆ ಹರಿಯುವ ನೀರು ಕಂಡರೆ ಹೊಟ್ಟೆ ಉರಿಯುತ್ತದೆ. ಒಂದು ದಿನ ಎದ್ದು ಹೋಗಿ ನಿಲ್ಲಿಸಿಬಿಟ್ಟೆ. ಆಂಟಿ ಅರ್ಧ ಮಾತಿಗೇ ಬಾಯಿ ಮುಚ್ಚಿದರು.

“ನಮ್ಮೂರಲ್ಲಿ ಸರ್ಕಾರದವರು ಗೋಡೆಯಲ್ಲಿ ಮೈಕ್ ಇಡ್ತಿದ್ರು. ನೀರಿನ ಸದ್ದಿದ್ರೆ ಅವರಿಗೆ ನಮ್ಮ ಮಾತು ಸಿಗ್ತಿರಲಿಲ್ಲ,” ಎಂದರು ಆಮೇಲೆ.

ಕಮ್ಯುನಿಸ್ಟರ ಕಾಲದಲ್ಲಿ, ಸರ್ಕಾರದ ಮೇಲೊಂದು ಜೋಕು ಹೇಳಿದ್ದಕ್ಕೆ ಅವರ ಗಂಡನನ್ನು ಹಿಡಿದೊಯ್ದಿದ್ದರು. ಭೇಟಿಯ ದಿನ ಜೈಲಿನ ಅಧಿಕಾರಿ ಆಂಟಿಯ ಕಣ್ಣೆದುರೇ ಗಂಡನಿಗೆ ಹೊಡೆದಿದ್ದ. ಅವರು ಜೀವಂತ ಹೊರಗೆ ಬರಲಿಲ್ಲ. ಆ ಸರ್ಕಾರ ಬಿದ್ದು ಎಷ್ಟೋ ವರ್ಷಗಳಾದ ಮೇಲೆ, ಆ ರಿಸೆಷನ್ನಿನ ವರ್ಷ, ಆ ಅಧಿಕಾರಿಯ ಮೇಲೆ ಕೇಸಾಗುವ ಮಾತು ಬಂದಿತ್ತು. ಸಾಕ್ಷಿ ಹೇಳಲು ಬರುವಿರಾ ಎಂದು ಅಲ್ಲಿನ ವಕೀಲರು ಫೋನ್ ಮಾಡಿದಾಗ ನಾನು ಅಲ್ಲೇ ಇದ್ದೆ. ಆಂಟಿ ನಲ್ಲಿ ಬಿಡಲಿಲ್ಲ. ಕಿಟಕಿ ತೆರೆದು, ಬೀದಿಗೆಲ್ಲ ಕೇಳುವಂತೆ ಗಂಡನ ಹೆಸರು ಹೇಳಿದರು.

“ಇನ್ನು ಉಳಿದಿದ್ದೆಲ್ಲ ಕೋರ್ಟಲ್ಲೇ ಹೇಳ್ತೀನಿ,” ಎಂದರು ನನಗೆ. ಆ ಚಳಿಗಾಲವೆಲ್ಲ ಸೂಟ್‌ಕೇಸು ಬಾಗಿಲ ಬಳಿಯೇ ಇತ್ತು.

ಹಿಮ ಕರಗುವ ಹೊತ್ತಿಗೆ ಮತ್ತೆ ಫೋನ್ ಬಂತು. ಅಪರಾಧ ತೀರ ಹಳೆಯದು, ಕಾನೂನಿನ ಗಡುವು ಮುಗಿದಿದೆಯಂತೆ... ಆ ಮನುಷ್ಯ ಪೆನ್ಷನ್ ತಿಂದುಕೊಂಡು, ಅದೇ ಊರಿನ ಪಾರ್ಕಿನಲ್ಲಿ ಮೊಮ್ಮಕ್ಕಳ ಕೈ ಹಿಡಿದು ವಾಕಿಂಗ್ ಹೋಗುತ್ತಿದ್ದನಂತೆ.

“ಹಂಗಾದ್ರೆ ಅವನಿಗೆ ಶಿಕ್ಷೆನೇ ಇಲ್ವಾ ಆಂಟಿ?”

ಆಂಟಿ ಎದ್ದು ಹೋಗಿ ನಲ್ಲಿ ಬಿಟ್ಟರು. “ಮೆತ್ತಗೆ ಮಾತಾಡು,” ಎಂದರು. “ಅವರೆಲ್ಲ ಇನ್ನೂ ಇದಾರೆ.” ಆಮೇಲೆ ತಗ್ಗಿದ ದನಿಯಲ್ಲಿ ಉಳಿದಿದ್ದನ್ನು ಹೇಳತೊಡಗಿದರು.

ಮರುವರ್ಷ ಆಂಟಿ ತೀರಿಕೊಂಡರು.

ಮೊನ್ನೆ ಸೊಪ್ಪು ತೊಳೆಯುತ್ತಾ ನಿಂತುಬಿಟ್ಟಿದ್ದೆ. “ತೊಳೆದಾಯ್ತಲ್ಲ, ನಲ್ಲಿ ನಿಲ್ಸೇ,” ಎಂದರು ನನ್ನ ಗಂಡ. ಕೋರ್ಟಿನಲ್ಲಿ ಹೇಳಬೇಕಿದ್ದುದನ್ನು ಆಂಟಿ ಹೇಳಿದ್ದು ನನ್ನೊಬ್ಬಳಿಗೇ. ಅದೂ ಆ ನೀರಿನ ಸದ್ದಿನಲ್ಲಿ ಅರ್ಧ ನನಗೂ ಕೇಳಿಸಿರಲಿಲ್ಲ.