ಅಜ್ಜ ಎಳೆಯದ ಗಂಟು

ಮೊನ್ನೆ ಶಿರಸಿ ಪೇಟೆಯಲ್ಲಿ ಕೊಡೆ ರಿಪೇರಿಗೆಂದು ನಿಂತವಳಿಗೆ ಪಕ್ಕದ ಅಂಗಡಿಯಿಂದ ಹೊಸ ನಾರಿನ ಹಗ್ಗದ ವಾಸನೆ ಬಂತು. ಅಷ್ಟೇ, ಕೊಡೆ ಅಲ್ಲೇ ಬಿಟ್ಟು ಹೋಗಿ ಎರಡು ಮಾರು ಹಗ್ಗ ಕೊಂಡೆ. "ಎಂತಕ್ಕೆ ಅಕ್ಕಾ, ಎಮ್ಮೆಗೋ?" ಅಂತ ಅಂಗಡಿಯವ ಕೇಳಿದ. ಎಮ್ಮೆಯೆಲ್ಲಿ ಬಂತು ನನಗೆ! ನಿಮಗೂ ಹೀಗಾಗುತ್ತದೋ ಏನೋ, ಮೂಗಿಗೆ ಗೊತ್ತಾದದ್ದು ತಲೆಗೆ ಹೊಳೆಯುವಷ್ಟರಲ್ಲಿ ಮನೆ ಬಂದಿರುತ್ತದೆ.

ಯಲ್ಲಾಪುರದಲ್ಲಿ ಹೆದ್ದಾರಿಯ ಅಂಚಿಗೆ ನಮ್ಮ ತಗಡಿನ ಮನೆಯಿತ್ತು. ಮುಂದೆ ಅಪ್ಪ ಲಾರಿಗಳ ತಾಡಪಾಲು ಹೊಲಿಯುವ ಜಾಗ, ಹಿಂದೆ ಒಲೆ, ನಡುವೆ ಅಜ್ಜನ ಮಂಚ. ಅಜ್ಜ ಅಂದರೆ ಅಮ್ಮನ ಅಪ್ಪ, ಕರಾವಳಿಯಲ್ಲಿ ಹಾಯಿದೋಣಿ ನಡೆಸಿದವನು. ಇಂಜಿನ್ ದೋಣಿಗಳು ಬಂದ ಮೇಲೆ ಘಟ್ಟ ಹತ್ತಿ ಮಗಳ ಮನೆ ಸೇರಿದ್ದ. ಬಂದವನು ಸುಮ್ಮನಿದ್ದನೆ? ಇಡೀ ಮನೆಯನ್ನೇ ದೋಣಿ ಮಾಡಿಬಿಟ್ಟ. ನಡುಗಂಬ ಹಾಯಿ ಏರಿಸುವ ಕೂವೆಮರ, ಬಿಸಿಲಿಗೆ ಕಟ್ಟಿದ ತಾಡಪಾಲು ಹಾಯಿ, ರಸ್ತೆ ಕಡೆಯ ಬಾಗಿಲು ದೋಣಿಯ ಮೂತಿ. ಒಲೆಯ ಬದಿಗೆ ಚುಕ್ಕಾಣಿ, ಅದು ಅಮ್ಮನ ಕೈಯಲ್ಲಿ. ಬೀಸುಕಲ್ಲು ಲಂಗರು. ಸಮುದ್ರವನ್ನೇ ನೋಡದ ನಾನು ಇವೆಲ್ಲ ಎಲ್ಲರ ಮನೆಯಲ್ಲೂ ಇರುತ್ತವೆ ಅಂದುಕೊಂಡಿದ್ದೆ. ನಿಮ್ಮ ಮನೆಯಲ್ಲಿ ಏನೇನಿದೆ ಎಂದು ಶಾಲೆಯಲ್ಲಿ ಅಕ್ಕೋರು ಕೇಳಿದಾಗ "ಕೂವೆಮರ, ಲಂಗರು" ಅಂದೆ. ಕ್ಲಾಸೆಲ್ಲ ನಕ್ಕಿತು. ಯಾಕೆ ನಕ್ಕರೆಂದು ನನಗೆ ಸಂಜೆಯವರೆಗೂ ತಿಳಿಯಲಿಲ್ಲ.

ಗಂಟು ಕಲಿಸಿದ್ದೂ ಅವನೇ. ಹಗ್ಗವನ್ನು ಕಂಬಕ್ಕೆ ಸುತ್ತಿ ಕುಣಿಕೆ ಮಾಡಿ, ತುದಿಯನ್ನು ಪೂರ್ತಿ ಹೊರಗೆಳೆಯದೆ ಮಡಚಿ ತೂರಿಸುವುದು. "ಗಾಳಿ ಎಷ್ಟು ಜಗ್ಗಿದ್ರೂ ಬಿಚ್ಚಬಾರ್ದು ಮಗಾ. ನೀ ತುದಿ ಎಳೆದ್ರೆ ಮಾತ್ರ ಒಂದೇ ಸಲಕ್ಕೆ ಬಿಚ್ಚಬೇಕು. ಬಿಚ್ಚಲಿಕ್ಕೆ ಬಾರದ ಗಂಟು ಹಾಯಿಗೆ ಹಾಕಿದ್ರೆ ದೋಣಿ ಮಗುಚ್ತದೆ," ಅನ್ನುತ್ತಿದ್ದ. ತಪ್ಪಿ ಗಟ್ಟಿಗಂಟು ಹಾಕಿದೆನೋ, "ಮುಳುಗಿಸಿದೆಯಲ್ಲೇ ಮಾರಾಯ್ತಿ!" ಎಂದು ಹಣೆ ಚಚ್ಚಿಕೊಳ್ಳುತ್ತಿದ್ದ.

ಆಮೇಲೆ ಅಜ್ಜನಿಗೆ ಮರೆವು ಹತ್ತಿತು. ದೋಣಿ ಬಿಡುವ ಹೊತ್ತಾಯಿತೆಂದು ಎದ್ದು ಸೀದಾ ಹೆದ್ದಾರಿಗೆ ಇಳಿಯುತ್ತಿದ್ದ. ಒಂದು ಸಲ ಲಾರಿ ಕೂದಲೆಳೆಯಲ್ಲಿ ತಪ್ಪಿತು. ಮರುದಿನ ಅಪ್ಪನ ಜೊತೆ ಸಂತೆಗೆ ಹೊರಟ ಅಮ್ಮ ನನ್ನ ಕೈಗೆ ಹಗ್ಗ ಕೊಟ್ಟಳು. "ಅಜ್ಜನ ಕಾಲು ಮಂಚಕ್ಕೆ ಕಟ್ಟು. ಗಟ್ಟಿಗಂಟು ಹಾಕು. ನನ್ನ ಕೈಲಿ ಆಗೂದಿಲ್ಲ," ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೋದಳು.

ಕಟ್ಟಿದೆ. ಆದರೆ ಅಜ್ಜ ಕಲಿಸಿದ ಗಂಟನ್ನೇ ಹಾಕಿ, ತುದಿಯನ್ನು ಅವನ ಕೈಗೆ ಸಿಗುವಷ್ಟು ಉದ್ದ ಬಿಟ್ಟೆ. ಅಮ್ಮನಿಗೆ ಮೋಸ ಮಾಡಿದೆನೋ, ಅಜ್ಜನಿಗೋ, ಆಗಲೂ ತಲೆಬುಡ ತಿಳಿಯಲಿಲ್ಲ. ಅವನು ಎಳೆದು ರಸ್ತೆಗೆ ಹೋದರೆ ಎಂಬ ಭಯಕ್ಕೆ ಬಾಗಿಲಿಗೆ ಅಡ್ಡ ಕೂತೆ. ಅಜ್ಜ ಗಂಟನ್ನು ಬೆರಳಿನಿಂದ ಸವರಿದ. "ಬರೋಬರಿ ಹಾಕಿದ್ದೀ," ಅಂದ. ತುದಿ ಹಿಡಿದುಕೊಂಡ. ಲಾರಿಗಳು ಹೋದವು, ಬಿಸಿಲು ಇಳಿಯಿತು, ಅಮ್ಮ ಬಂದಳು. ಅವನು ಎಳೆಯಲೇ ಇಲ್ಲ. ಆಮೇಲಿನ ದಿನಗಳಲ್ಲೂ, ಅವನು ತೀರಿಕೊಳ್ಳುವವರೆಗೆ, ನಾನು ಕಟ್ಟುವುದು, ಅವನು ತುದಿ ಹಿಡಿದು ಕೂರುವುದು.

ಎಳೆದರೆ ಬಿಚ್ಚುತ್ತದೆ ಎಂಬುದನ್ನೇ ಮರೆತಿದ್ದನೆ? ಅಥವಾ ಎಲ್ಲ ನೆನಪಿದ್ದೂ ನನಗೆ ಬೈಗುಳ ಬೀಳದಿರಲಿ ಅಂತ ಕೂತಿದ್ದನೆ? ಬರೋಬರಿ ಅಂದನಲ್ಲ! ಯಾರನ್ನು ಕೇಳಲಿ? ಅಮ್ಮನಿಗೆ ಹೇಳುವ ಧೈರ್ಯ ಬರುವಷ್ಟರಲ್ಲಿ ಅವಳೂ ಹೋದಳು. ರಸ್ತೆ ಅಗಲವಾಗಿ ಆ ಮನೆಯೂ ಹೋಯಿತು.

ತಂದ ಹಗ್ಗವನ್ನು ನನ್ನ ಮಂಚದ ಕಾಲಿಗೆ ಕಟ್ಟಿ ನೋಡಿದೆ. ಕೈ ಗಂಟನ್ನು ಮರೆತಿರಲಿಲ್ಲ. ತುದಿ ಹಿಡಿದು ತುಂಬ ಹೊತ್ತು ಕೂತೆ. ಒಂದು ಸಲ ಎಳೆದರೆ ಆಗಿತ್ತು. ನನಗೂ ಎಳೆಯಲಾಗಲಿಲ್ಲ.