ತಮ್ಮನಿಗೆ ಬಾಲ್ ಹಾಕಿದ ದಿನ

ಬೈಕ್ ಓಡಿಸಲೇಬಾರದು ಎಂದು ಕಣ್ಣಿನ ಡಾಕ್ಟರು ತಮ್ಮನಿಗೆ ಸ್ಟ್ರಿಕ್ಟಾಗಿ ಹೇಳಿದ್ದರು. ಅವನು ಕೇಳಲಿಲ್ಲ. ಸೊರಬ ತಾಲ್ಲೂಕಿನ ತನ್ನ ಊರಿನಿಂದ ಆನವಟ್ಟಿಗೆ ದಿನವೂ ಬೈಕಿನಲ್ಲೇ ಹೋಗುತ್ತಿದ್ದ. ಕೊನೆಗೆ ಅವನ ಹೆಂಡತಿ ನನಗೆ ಫೋನ್ ಮಾಡಿದಳು.

"ಅಕ್ಕಾ, ನಿನ್ನೆ ಎಮ್ಮೆಗೆ ಗುದ್ಕಂಡು ಬಂದಾರೆ. ನೀವು ಹೇಳಿದ್ರೆ ಕೇಳ್ತಾರೆ, ಬನ್ನಿ."

ಶಿಕಾರಿಪುರದಿಂದ ಬಸ್ ಹತ್ತಿ ಹೋದೆ. ಕೀ ಕೊಡು ಎಂದರೆ ಅವನು ನಕ್ಕ.

"ಬಾಲ್ ಹೊಡೆಯೋ ಕಣ್ಣಿಗೆ ರಸ್ತೆ ಕಾಣಲ್ವೇನೆ? ನೀನೇ ಹಾಕಿ ನೋಡು. ಹೊಡೀಲಿಲ್ಲ ಅಂದ್ರೆ ಕೀ ನಿಂದು."

ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವನು. ಬ್ಯಾಟಿಂಗ್ ಪ್ರಾಕ್ಟೀಸಿಗೆಂದು ಆಗ ಕೊಂಡಿದ್ದ ಬಾಲ್ ಥ್ರೋಯರ್ ಹೊರತೆಗೆದ. ಉದ್ದ ಹಿಡಿಕೆ, ತುದಿಯಲ್ಲಿ ಚೆಂಡು ಕೂರುವ ಪ್ಲಾಸ್ಟಿಕ್ ಕಪ್; ದೊಡ್ಡ ಸೌಟಿನ ಹಾಗೆ. ಬೀಸಿದರೆ ಚೆಂಡು ತಾನೇ ಹಾರಿಹೋಗುತ್ತದೆ, ನನ್ನಂಥ ಮುದುಕಿಯ ಭುಜಕ್ಕೂ ಕಷ್ಟವಿಲ್ಲ. ನಾನು ಓದಿದ ಕಾನ್ವೆಂಟಿನ ಸಿಸ್ಟರ್‌ಗಳು ನಮಗೆ ಥ್ರೋಬಾಲ್ ಬಿಟ್ಟು ಬೇರೇನೂ ಕಲಿಸಿರಲಿಲ್ಲ.

ಮನೆ ಮುಂದಿನ ಕಣದಲ್ಲಿ ನಿಂತೆವು. ಮೊದಲ ಟೆನಿಸ್ ಬಾಲನ್ನು ಹೊಡೆದೇಬಿಟ್ಟ. ಮೆಕ್ಕೆಜೋಳದ ಹೊಲಕ್ಕೆ ಹೋಯಿತು. ಟು ಬಿ ಫ್ರ್ಯಾಂಕ್, ನನಗೆ ಖುಷಿಯೇ ಆಯಿತು. ಮುಂದಿನದು ಬ್ಯಾಟಿನ ಅಂಚಿಗೆ ತಗುಲಿತು.

"ನಿನ್ ಲೈನೇ ಸರಿ ಇಲ್ಲ. ಬೌಲಿಂಗ್ ಕಲ್ತ್ಕಂಡು ಬಾ ಹೋಗು."

ಸಿಟ್ಟು ಬಂದು ಇನ್ನೊಂದನ್ನು ಕಪ್‌ಗೆ ಒತ್ತಿ ಬೀಸಿದೆ. ಒತ್ತಿದ್ದು ಹೆಚ್ಚಾಯಿತೇನೋ, ಚೆಂಡು ಕಪ್ ಬಿಡಲೇ ಇಲ್ಲ. ಅವನು ಮಾತ್ರ ಎಡಗಾಲು ಮುಂದಿಟ್ಟು, ಮೊಣಕೈ ಎತ್ತಿ ಬರಿಗಾಳಿಗೆ ಬ್ಯಾಟ್ ಬೀಸಿದ. ವಾಟ್ ಎ ಡ್ರೈವ್! ಕಾಲೇಜಿನ ದಿನಗಳಲ್ಲಿ ಇದೇ ಹೊಡೆತ ನೋಡಲು ನಾನು ಬಿಸಿಲಲ್ಲಿ ನಿಂತಿರುತ್ತಿದ್ದೆ.

"ವೈಡ್ ಅದು, ಲೆಕ್ಕಕ್ಕಿಲ್ಲ. ಇನ್ನೊಂದು ಹಾಕು," ಎಂದ.

ಅವನು ಆಡುತ್ತಿದ್ದದ್ದು ಬರೀ ನನ್ನ ಕೈ ಬೀಸುವ ಅಂದಾಜಿನ ಮೇಲೆ. ಸುಮ್ಮನೆ ಇನ್ನೊಂದು ಹಾಕಿಬಿಡಬಹುದಿತ್ತು. ಬಾಗಿಲಲ್ಲಿ ಅವನ ಹೆಂಡತಿ ನಿಂತಿದ್ದಳು.

"ಬಾಲ್ ಬಂದೇ ಇಲ್ಲ ಕಣೋ. ಕಪ್‌ನಲ್ಲೇ ಇದೆ."

"ಸುಳ್ಳು ಹೇಳ್ಬೇಡ." ನನ್ನತ್ತ ನೋಡಿದ; ನನ್ನಿಂದ ಸ್ವಲ್ಪ ಆಚೆಗೆ.

ಹತ್ತಿರ ಹೋಗಿ ಅವನ ಕೈ ಹಿಡಿದು ಚೆಂಡು ಮುಟ್ಟಿಸಿದೆ. ಬೆರಳುಗಳು ಅದರ ಮೇಲೆ ನಿಧಾನವಾಗಿ ಆಡಿದವು. "ಸಾರಿ," ಎಂದೆ.

ಜೇಬಿನಿಂದ ಕೀ ತೆಗೆದು ನನ್ನ ಅಂಗೈಗೆ ಹಾಕಿದ. "ಮನೇಲಿದ್ರೆ ಮತ್ತೆ ತಗಂಡ್ಬಿಡ್ತೀನಿ ಅಕ್ಕ. ಶಿಕಾರಿಪುರಕ್ಕೆ ತಗಂಡು ಹೋಗು."

ಬಸ್ ಸ್ಟಾಪಿನವರೆಗೆ ಅವನ ಹೆಂಡತಿ ಜೊತೆಗೆ ಬಂದಳು. ಬನ್ನಿ ಎಂದು ಕರೆದವಳು ಅವಳೇ. ಆದರೂ ಗಂಡ ಸೋತದ್ದನ್ನು ಬಾಗಿಲಲ್ಲಿ ನಿಂತು ನೋಡಿದ್ದವಳು, ದಾರಿಯುದ್ದಕ್ಕೂ ನನ್ನೊಡನೆ ಒಂದು ಮಾತೂ ಆಡಲಿಲ್ಲ.